ಕೇಳಿ, ಹೇಳ್ತೇವೆ: ಸ್ಪೋರ್ಟ್ಸ್ ಕಾರ್ ಮಾರೂಕೆ ಹೊರಟ್ರೆ ತಗೊಳ್ಳೋರೇ ಇಲ್ಲ!

ಪ್ರಶ್ನೆ: ನಮಸ್ಕಾರ ಸರ್. ನಂದು 2016ರ ಆಡಿ ಟಿಟಿ, ಪೆಟ್ರೋಲ್, 43 ಸಾವಿರ ಕಿಲೋಮೀಟರ್ ಓಡಿದೆ, ನಾನು ಎರಡನೇ ಓನರ್. ಬೆಂಗಳೂರಲ್ಲಿ ಕೆಲ್ಸದಲ್ಲಿದ್ದಾಗ ಆಸೆಪಟ್ಟು ತಗೊಂಡಿದ್ದು, ಈಗ ಊರಿಗೇ ಬಂದು ಸೆಟಲ್ ಆಗಿದ್ದೇನೆ. ಮಗಳ ಕಾಲೇಜ್ ಖರ್ಚು ಶುರುವಾಯ್ತು, ನಂಗೆ ಸೊಂಟನೋವು ಬೇರೆ, ಆ ಕಾರಲ್ಲಿ ಕೂತು ಏಳೋದೇ ಒಂದು ಕಸರತ್ತು. ಬೇಸಿಗೇಲಿ 28 ಲಕ್ಷ ಅಂತ ಆನ್‌ಲೈನಲ್ಲಿ ಹಾಕಿದೆ. ಫೋನ್ ಮಾಡಿದವ್ರೆಲ್ಲ ಟಾಪ್ ಸ್ಪೀಡ್ ಎಷ್ಟು, ಮೈಲೇಜ್ ಎಷ್ಟು ಕೇಳಿ ಇಟ್ಬಿಡ್ತಾರೆ. 27 ಮಾಡ್ದೆ, 26 ಮಾಡ್ದೆ, ಈಗ 25. ಒಬ್ಬ ಡೀಲರ್ ಬಂದು 17 ಅಂದ. ಈಗ ಮಳೆಗಾಲ ಬೇರೆ. ಕೊಟ್ಬಿಡ್ಲಾ, ಕಾಯ್ಲಾ? ಲೋನ್ ಹೋದ ವರ್ಷನೇ ಮುಗ್ದಿದೆ.
(ಹೆಸರು ಬೇಡ ಅಂದಿದ್ದಾರೆ, ಕಾರವಾರ)

ಉತ್ತರ: 17ಕ್ಕೆ ಕೊಡ್ಬೇಡಿ ಸರ್. ಹಾಗಂತ 28ನ್ನೂ ಮರ್ತುಬಿಡಿ.

ಮೊದ್ಲು ಆ ಡೀಲರ್ ಬಗ್ಗೆ. ಅವ ನಿಮ್ಗೆ ಮೋಸ ಮಾಡೂಕೆ 17 ಹೇಳಿದ್ದು ಅಂತ ನಂಗನಿಸೂದಿಲ್ಲ. ಇಂಥ ಗಾಡಿ ತಗೊಂಡ್ರೆ ಅವನ ದುಡ್ಡು ಎಷ್ಟು ತಿಂಗಳು ಶೆಡ್ಡಲ್ಲಿ ಕೂರ್ತದೆ ಅಂತ ಅವನಿಗೂ ಗೊತ್ತಿಲ್ಲ, ಮೇಲಿಂದ ಅವನ ಲಾಭದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, ಹಂಗಾಗಿ ಆ ಭಯವನ್ನೆಲ್ಲ ಸೇರಿಸಿಯೇ ರೇಟ್ ಹೇಳ್ತಾನೆ. ಅಂದಹಾಗೆ ಆ ಜಿಎಸ್‌ಟಿ ನಿಮ್ಗಿಲ್ಲ. 2024ರ ಡಿಸೆಂಬರಲ್ಲಿ ಕೌನ್ಸಿಲ್ ಮೀಟಿಂಗ್ ಸುದ್ದಿ ಬಂದಾಗ ಹಳೇ ಕಾರು ಮಾರಿದ್ರೆ ನಾವೂ 18 ಕಟ್ಬೇಕಂತೆ ಅಂತ ಎಲ್ಲಾ ಕಡೆ ಫಾರ್ವರ್ಡ್ ಆಯ್ತಲ್ಲ, ಅದು ರಿಜಿಸ್ಟರ್ ಆದ ವ್ಯಾಪಾರಸ್ಥರಿಗೆ ಮಾತ್ರ. ಸ್ವಂತಕ್ಕೆ ಓಡಿಸಿದ ಕಾರನ್ನ ಇನ್ನೊಬ್ರಿಗೆ ಕೊಡೋರಿಗೆ ಅಲ್ಲ.

ಇನ್ನು ಮಾರ್ಕೆಟ್ ಎಂತಕ್ಕೆ ತಣ್ಣಗಿದೆ ಅಂದ್ರೆ, 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರಿನ ಜಿಎಸ್‌ಟಿ ಇಳೀತು. ಸಣ್ಣ ಕಾರು 18ಕ್ಕೆ ಬಂತು, ದೊಡ್ಡ ಇಂಜಿನ್ನಿನ ಕಾರಿಗೆ ಸೆಸ್ ಎಲ್ಲಾ ಸೇರಿ 50ರ ಹತ್ರ ಇದ್ದಿದ್ದು 40 ಆಯ್ತು. ಶೋರೂಮಲ್ಲಿ ರೇಟ್ ಇಳಿದ್ರೆ ಹಳೇ ಗಾಡಿ ತಗೊಳ್ಳೋನು ಹಳೇ ರೇಟು ಯಾಕೆ ಕೊಡ್ತಾನೆ? ಅದು ಎಲ್ಲಾ ಕಾರಿಗೂ ಆದದ್ದೇ. ನಿಮ್ಮ ಕಾರಿನ ಕತೆ ಸ್ವಲ್ಪ ಬೇರೆ. ಸ್ವಿಫ್ಟ್ ಆದ್ರೆ ಕಾರವಾರದಲ್ಲೇ ತಗೊಳ್ಳೋರಿದ್ದಾರೆ, ರೇಟೂ ಎಲ್ರಿಗೂ ಗೊತ್ತಿರ್ತದೆ, ಐದು ಸಾವಿರ ಹಿಂದೆಮುಂದೆ ಅಷ್ಟೇ. ಎರಡು ಬಾಗಿಲಿನ, ಹಿಂದಿನ ಸೀಟಲ್ಲಿ ದೊಡ್ಡವ್ರು ಕೂರೂಕೇ ಆಗದ, ನೆಲಕ್ಕೆ ಅಂಟಿಕೊಂಡು ಓಡೋ ಕಾರನ್ನ ನಿಜವಾಗಿ ಹುಡುಕ್ತಾ ಇರೋರು ಇಡೀ ರಾಜ್ಯದಲ್ಲೇ ಬೆರಳೆಣಿಕೆ. ನಿಮ್ಗೆ ಬೇಕಾಗಿರೋದು ಅವರಲ್ಲಿ ಒಬ್ಬ. ಮೈಲೇಜ್ ಕೇಳಿದೋರು ಯಾರೂ ಅವನಲ್ಲ, ಅವ್ರು ಮತ್ತೆ ಫೋನ್ ಮಾಡ್ಲಿಲ್ಲ ಅಂತ ರೇಟ್ ಇಳ್ಸಿದ್ರಲ್ಲ, ಅದು ನಿಮ್ಗೇ ಏಟು. ಯಾಕಂದ್ರೆ ಆ ಬೆರಳೆಣಿಕೆ ಜನ ನಿಮ್ಮ ಆ್ಯಡ್ ಸೇವ್ ಮಾಡಿಟ್ಕೊಂಡು ದಿನಾ ನೋಡ್ತಿರ್ತಾರೆ, 28, 27, 26, 25 ಅಂತ ಇಳಿಯೋದು ಕಂಡ್ರೆ ಇನ್ನೂ ಇಳೀತದೆ ಬಿಡು ಅಂತ ಸುಮ್ನೆ ಕೂರ್ತಾರೆ.

ಹಂಗಾಗಿ ಈಗ ಆ್ಯಡ್ ತೆಗೀರಿ. ಆಷಾಢದಲ್ಲಿ ಹೇಗೂ ಯಾರೂ ಗಾಡಿ ತಗೊಳ್ಳೂದಿಲ್ಲ. ಚೌತಿಗೆ ಮುಂಬೈ, ಗೋವಾ, ಬೆಂಗಳೂರಲ್ಲಿರೋ ನಮ್ಮೋರೆಲ್ಲ ಊರಿಗೆ ಬರ್ತಾರೆ, ಆವಾಗ ಬಾಯಿಮಾತಲ್ಲಿ ನಾಲ್ಕು ಜನಕ್ಕೆ ಹೇಳಿ, ತೋರ್ಸಿ, ಅಡ್ಡಿಲ್ಲ. ಆಮೇಲೆ ಪಿತೃಪಕ್ಷ, ಮತ್ತೆ ನಿಂತ್ಹೋಗ್ತದೆ. ನವರಾತ್ರಿಗೆ ಹೊಸ ಫೋಟೋ ಹಾಕಿ, ಹೊಸ ಆ್ಯಡ್, ಒಂದೇ ರೇಟ್, ದೀಪಾವಳಿವರೆಗೆ ಅದನ್ನ ಮುಟ್ಬೇಡಿ. ಆದ್ರೆ ಡಿಸೆಂಬರ್ ದಾಟಿಸ್ಬೇಡಿ ಮಾತ್ರ. ಜನವರಿ ಒಂದನೇ ತಾರೀಕು ಬಂದ್ರೆ ಕಾರು ಶೆಡ್ಡಲ್ಲೇ ನಿಂತಿದ್ರೂ ಕಾಗದದಲ್ಲಿ ಒಂದು ವರ್ಷ ಹಳೇದಾಗ್ತದೆ, ತಗೊಳ್ಳೋನು ಮಾತು ಶುರು ಮಾಡೋದೇ ಅಲ್ಲಿಂದ.

ಕಾರು ನೋಡದೆ ನಾನು ರೇಟ್ ಹೇಳೂದಿಲ್ಲ. 17ಕ್ಕೂ 25ಕ್ಕೂ ನಡುವೆ, ಮೇಲಿನ ಅರ್ಧದಲ್ಲಿ ಎಲ್ಲೋ ಕೂರ್ಬೇಕು ಅಂತ ನನ್ನ ಲೆಕ್ಕ. ಆನ್‌ಲೈನಲ್ಲಿ ಬೇರೆಯವ್ರು ಕೇಳ್ತಿರೋ ರೇಟ್ ನೋಡಿ ಮರುಳಾಗ್ಬೇಡಿ, ತಿಂಗಳುಗಟ್ಟಲೆ ಅಲ್ಲೇ ಬಿದ್ದಿರೋ ಆ್ಯಡ್ ಅಂದ್ರೆ ಆ ರೇಟಿಗೆ ಹೋಗ್ಲಿಲ್ಲ ಅಂತಲೇ ಅರ್ಥ. ಇನ್ಶೂರೆನ್ಸ್ ಪಾಲಿಸೀಲಿರೋ ಐಡಿವಿ, ಅಂದ್ರೆ ಕಂಪನಿಯವ್ರು ಕಾರಿಗೆ ಹಾಕಿರೋ ಬೆಲೆ, ಅದೂ ಮಾರೋ ರೇಟಲ್ಲ. ತಗೊಳ್ಳೋನು ಬಂದ ತಕ್ಷಣ ಎಂತೆಂತಕ್ಕೆ ಖರ್ಚು ಮಾಡ್ಬೇಕು ಅಂತ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತದೆ, 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗ್ರಿಪ್ ಚೆನ್ನಾಗಿ ಕಂಡ್ರೂ ಗೊತ್ತಿರೋನು ಮೊದ್ಲು ಬಗ್ಗಿ ನೋಡೋದೇ ಅದನ್ನ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯ್ಸಿದ್ದು, ಬಿಲ್ ಇದ್ಯಾ? ನಿಮ್ಮದು ಆರು ಗೇರಿನ ಎಸ್ ಟ್ರಾನಿಕ್, ಅಂದ್ರೆ ಆಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಆಯಿಲಲ್ಲಿ ಮುಳುಗಿರೋ ಕ್ಲಚ್, ಅದರ ಆಯಿಲ್ 60 ಸಾವಿರ ಕಿಲೋಮೀಟರಿಗೆ ಬದಲಾಯ್ಸ್ಬೇಕು ಅಂತ ಲೆಕ್ಕ. ನೀವು 43ರಲ್ಲೇ ಮಾಡ್ಸಿ ಬಿಲ್ ಇಟ್ಕೊಂಡ್ರೆ ಆ ಖರ್ಚು ಚೌಕಾಶೀಲಿ ವಾಪಸ್ ಬರ್ತದೆ. ಟೈರ್ ಮಾತ್ರ ಹೊಸದು ಹಾಕ್ಬೇಡಿ, ಅದನ್ನ ರೇಟಲ್ಲಿ ಬಿಡೋದೇ ಸುಲಭ.

ಕಾರವಾರದ ಸಮುದ್ರದ ಗಾಳಿ ಅಂದ್ರೆ ದೂರದಿಂದ ಬರೋನಿಗೆ ತುಕ್ಕಿನ ಡೌಟ್ ಬರ್ತದೆ, ಬರ್ಲೇಬೇಕು. ಅದಕ್ಕೇ ಅವನು ಕೇಳೂಕೆ ಮುಂಚೆ ಲಿಫ್ಟಿಗೆ ಹಾಕಿ ಅಡಿಭಾಗದ ಫೋಟೋ ತೆಗ್ಸಿ. ಫೋಟೋ ಚೆಂದ ಬರ್ತದೆ ಅಂತ ಟಾಗೋರ್ ಬೀಚಿನ ಮರಳಿಗೆ ಇಳ್ಸೋರಿದ್ದಾರೆ, ದಯವಿಟ್ಟು ಬೇಡ, ಹೂತ್ರೆ ಎಳೆಯೋನು ಬಂಪರಿಗೇ ಹಗ್ಗ ಹಾಕ್ತಾನೆ. ಮಳೆಗಾಲದಲ್ಲಿ ತಾಡಪತ್ರಿ ಮುಚ್ಚಿ ಬಿಗಿದಿಡೋದೂ ತಪ್ಪು, ಒಳಗೆ ಪಸೆ ನಿಂತು ಲೆದರ್ ಸೀಟಿಗೆ ಬೂಷ್ಟು ಬರ್ತದೆ. ಮೇಲೆ ಮಾಡು ಇರ್ಬೇಕು, ಸುತ್ತ ಗಾಳಿ ಆಡ್ಬೇಕು. ಇಲಿ ಒಂದು ವೈರ್ ಕಡಿದ್ರೂ ಸಾಕು, ಡ್ಯಾಶ್‌ಬೋರ್ಡಲ್ಲಿ ದೀಪಾವಳಿ. ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದ್ರಿಂದ ಬ್ಯಾಟರಿ ಇನ್ನೂ ಇಳೀತದೆ, ಮಳೆ ಬಿಟ್ಟ ದಿನ ಅಂಕೋಲಾವರೆಗೆ ಹೋಗ್ಬನ್ನಿ, ಬ್ರೇಕ್ ಡಿಸ್ಕಿನ ತುಕ್ಕೂ ಉಜ್ಜಿ ಹೋಗ್ತದೆ. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್, ಅದು ನೀರು ಹೀರೋ ವಸ್ತು, ಹಂಗಾಗಿ ಅದೇ ಪೆಟ್ರೋಲನ್ನ ತಿಂಗಳುಗಟ್ಟಲೆ ಟ್ಯಾಂಕಲ್ಲಿ ಕೂರ್ಸೂದು ಬೇಡ.

ಲೋನ್ ಮುಗೀತು ಅಂದ್ರಿ. ಆರ್‌ಸೀಲಿ ಬ್ಯಾಂಕಿನ ಹೆಸ್ರು ತೆಗ್ಸಿದ್ರಾ? ಸುಮಾರು ಜನ ಇಲ್ಲೇ ಸಿಕ್ಕಿಬೀಳೋದು. ಕೊನೇ ಕಂತು ಕಟ್ಟಿದ ಕೂಡ್ಲೇ ಅದು ತಾನಾಗೇ ಹೋಗ್ತದೆ ಅಂದ್ಕೊಂಡಿರ್ತಾರೆ. ಬ್ಯಾಂಕಿನ ಎನ್‌ಓಸಿ, ಫಾರ್ಮ್ 35 ಕೊಟ್ಟು ತೆಗ್ಸ್ಬೇಕು. ಎರಡೂ ಕೀ, ಸರ್ವಿಸ್ ಹಿಸ್ಟರಿ, ಎಮಿಷನ್ ಸರ್ಟಿಫಿಕೇಟ್, ಎಚ್‌ಎಸ್‌ಆರ್‌ಪಿ ಪ್ಲೇಟ್, ಬಾಕಿ ಫೈನ್, ಇವನ್ನೆಲ್ಲ ಈ ಮಳೇಲೇ ಮುಗ್ಸಿ ಒಂದು ಫೈಲ್ ಮಾಡಿ. ತಗೊಳ್ಳೋನು ಬಂದಾಗ ಟೇಬಲ್ ಮೇಲೆ ಆ ಫೈಲ್ ಇಟ್ರೆ ಅರ್ಧ ಚೌಕಾಶಿ ಅಲ್ಲೇ ತಣ್ಣಗಾಗ್ತದೆ.

ಯಾರಿಗೆ ಮಾರೂದು? ಗೋವಾ ಹತ್ರ, ಅಲ್ಲಿ ಇಂಥ ಕಾರಿನ ಶೋಕಿ ಇರೋರೂ ಇದ್ದಾರೆ. ಆದ್ರೆ ಗೋವಾದವ್ರಿಗೆ ಕೊಟ್ರೆ ನೀವು ಫಾರ್ಮ್ 28ರಲ್ಲಿ ಎನ್‌ಓಸಿ ತೆಗೀಬೇಕು, ಅವ್ರು ಅಲ್ಲಿ ರೋಡ್ ಟ್ಯಾಕ್ಸ್ ಹೊಸದಾಗಿ ಕಟ್ಬೇಕು, ಆ ದುಡ್ಡನ್ನ ನಿಮ್ಮ ರೇಟಲ್ಲೇ ಕಡಿಮೆ ಮಾಡು ಅಂತಾರೆ. ನಮ್ಮಲ್ಲಿ 20 ಲಕ್ಷ ಮೇಲಿನ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸೇ 18 ಪರ್ಸೆಂಟ್, ಮೇಲೆ ಸೆಸ್, ಅದನ್ನ ಮೊದ್ಲನೇ ಓನರ್ ಆಗ್ಲೇ ಕಟ್ಟಿ ಆಗಿದೆ. ಕರ್ನಾಟಕದೊಳಗೆ ಮಾರಿದ್ರೆ ಅದು ಕಾರಿನ ಜೊತೆಗೇ ಹೋಗ್ತದೆ. ನಿಮ್ಮ ನಂಬರೂ ಬೆಂಗಳೂರಿಂದೇ ಇರ್ಬೇಕು, ಅದೂ ಒಳ್ಳೇದೇ. ಹಂಗಾಗಿ ನಾನಾಗಿದ್ರೆ ಬೆಂಗಳೂರಿನವ್ರಿಗೇ ಮೊದ್ಲು ಗಾಳ ಹಾಕ್ತಿದ್ದೆ. ಪಂಚಗಂಗಾ ಎಕ್ಸ್‌ಪ್ರೆಸ್ಸಲ್ಲಿ ರಾತ್ರಿ ಹತ್ತಿದ್ರೆ ಬೆಳಿಗ್ಗೆ ಕಾರವಾರ, ಕಾರು ಇಷ್ಟ ಆದ್ರೆ ಓಡ್ಸ್ಕೊಂಡೇ ವಾಪಸ್ ಹೋಗ್ಲಿ. ಅಷ್ಟು ದೂರ ಟಿಕೆಟ್ ಮಾಡಿ ಬಂದೋನು ಬರೀ ಟೈಂಪಾಸಿಗೆ ಬರೂದಿಲ್ಲ.

ಒಂದು ಹುಷಾರು. ಕಾರವಾರದಲ್ಲಿ ನೇವಿ ಬೇಸ್ ಇರೋದ್ರಿಂದ, "ನಾನು ನೇವಿ ಆಫೀಸರ್, ಟ್ರಾನ್ಸ್‌ಫರ್ ಆಗಿದೆ, ಕಾರು ನೋಡೂದೇ ಬೇಡ, ಅಡ್ವಾನ್ಸ್ ಈಗ್ಲೇ ಹಾಕ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ಫೋನ್ ಬಂದ್ರೆ ನಮ್ಮೋರು ಬೇಗ ನಂಬ್ತಾರೆ. ದುಡ್ಡು ಬರೂಕೆ ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ. ಪಿನ್ ಒತ್ತಿದ್ರೆ ಹೋಗೋದು ನಿಮ್ಮ ದುಡ್ಡು. ನಿಜವಾದ ನೇವಿಯವ್ರು ಬಂದು ಕಾರು ನೋಡ್ತಾರೆ, ಅವ್ರು ಒಳ್ಳೇ ಗಿರಾಕಿಗಳೇ.

ಟೆಸ್ಟ್ ಡ್ರೈವಿಗೆ ಮೊದ್ಲು ಲೈಸೆನ್ಸ್ ಫೋಟೋ ತಗೊಳ್ಳಿ, ಪಕ್ಕದ ಸೀಟಲ್ಲಿ ನೀವೇ ಕೂತ್ಕೊಳ್ಳಿ, ಮೊದ್ಲಿನ ಸ್ವಲ್ಪ ದೂರ ನೀವೇ ಓಡ್ಸಿ ತೋರ್ಸಿ. 230 ಹಾರ್ಸ್‌ಪವರಿನ ಕಾರು, ಹೊಸಬ ಉತ್ಸಾಹದಲ್ಲಿ ಒತ್ತಿದ್ರೆ ಹೈವೇಲಿ ದನ ಅಡ್ಡ ಬರೋದು ಅವನಿಗೆ ಗೊತ್ತಿರೂದಿಲ್ಲ. ದುಡ್ಡು ಆರ್‌ಟಿಜಿಎಸ್ ಅಲ್ಲೇ, ನಿಮ್ಮ ಅಕೌಂಟಿಗೆ ಬಿದ್ದಿದ್ದು ನೀವೇ ನೋಡಿದ ಮೇಲೆ ಕೀ. ಸ್ಕ್ರೀನ್‌ಶಾಟ್ ನಂಬ್ಬೇಡಿ. "ಅರ್ಧ ಕ್ಯಾಶ್ ಕೊಡ್ತೇನೆ" ಅಂದ್ರೆ ಒಪ್ಕೊಳ್ಬೇಡಿ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಂಡ್ರೆ ತಗೊಂಡಷ್ಟೂ ದಂಡ ಹಾಕೋ ಕಾನೂನಿದೆ, ಆ ದಂಡ ಬೀಳೋದು ತಗೊಂಡವ್ರ ಮೇಲೆ, ಅಂದ್ರೆ ನಿಮ್ಮ ಮೇಲೆ. ಕೊನೇದಾಗಿ ನಿಮ್ಮ ಎನ್‌ಸಿಬಿ. ಕ್ಲೈಮ್ ಮಾಡದೆ ಉಳ್ಸಿದ ಆ ರಿಯಾಯ್ತಿ ನಿಮ್ಮದು, ಕಾರಿಂದಲ್ಲ, ಇನ್ಶೂರೆನ್ಸಿನವ್ರ ಹತ್ರ ಲೆಟರ್ ತಗೊಂಡ್ರೆ ಮೂರು ವರ್ಷದೊಳಗೆ ಮುಂದಿನ ಕಾರಿಗೆ ಹಾಕ್ಕೊಳ್ಬಹುದು. ಸೊಂಟಕ್ಕೆ ಎತ್ತರದ ಸೀಟಿನ ಗಾಡಿ ತಗೊಳ್ತೀರಲ್ಲ, ಆವಾಗ ಬೇಕಾಗ್ತದೆ.

ಪ್ರಶ್ನೆ: ಅಣ್ಣಾ, ನಂಗೆ 26 ವರ್ಷ. ಅಡಿಕೆ ದುಡ್ಡು ಬಂದಾಗ ಒಂದು ಹಳೇ ಸ್ಪೋರ್ಟ್ಸ್ ಕಾರ್ ತಗೊಳ್ಳೋ ಪ್ಲಾನ್ ಇದೆ. ಈಗ ಮಾರ್ಕೆಟ್ ಡಲ್ ಅಂತೆ, ಕಡಿಮೆಗೆ ಸಿಗ್ತದಾ? ಮನೇಲಿ ಅಪ್ಪ ಮಳ್ಳು ಅಂತ ಬೈತ್ರು.
(ಶಿರಸಿ ಹತ್ರದ ಹಳ್ಳಿ)

ಉತ್ತರ: ಸಿಗ್ತದೆ ತಮ್ಮಾ, ಮೇಲಿನ ಉತ್ತರ ಓದಿದ್ಯಲ್ಲ, ಅದನ್ನೇ ಉಲ್ಟಾ ಓದು. ಡಿಸೆಂಬರ್ ಕೊನೇಲಿ ಮಾರೋನಿಗೆ ಅರ್ಜೆಂಟ್ ಜಾಸ್ತಿ, ನಿಮ್ಮ ಕೊಯ್ಲೂ ಆವಾಗ್ಲೇ ನಡೀತಿರ್ತದೆ. ಆದ್ರೆ ದುಡ್ಡು ಕೊಡೂಕೆ ಮುಂಚೆ ಆ ಕಾರನ್ನ ನಿಮ್ಮ ಮನೆ ಅಂಗಳದವರೆಗೆ ತರ್ಸಿ ನೋಡು. ದೇವಿಮನೆ ಘಾಟಿ ಹತ್ತೋದು ಅದಕ್ಕೆ ಆಟ, ಟಾರ್ ರೋಡ್ ಮುಗ್ದ ಮೇಲೆ ತೋಟದ ದಾರೀಲಿ ಕಲ್ಲು ಎದ್ದಿರ್ತದಲ್ಲ, ಅಲ್ಲಿ ಹೊಟ್ಟೆ ಉಜ್ಜೋದು. ಜಿಲ್ಲೆ ಒಳಗೆ ಇಂಥ ಕಾರಿನ ಸರ್ವಿಸ್ ಇಲ್ಲ, ಪ್ರತೀ ಸಲ ಹೊರಗೇ ಹೋಗ್ಬೇಕು. ಕಾರಿನ ರೇಟ್ ಇಳಿದ್ರೂ ಪಾರ್ಟ್ಸ್ ರೇಟ್ ಇಳಿಯೂದಿಲ್ಲ, 60 ಲಕ್ಷದ ಕಾರು 20ಕ್ಕೆ ಸಿಕ್ಕಿದ್ರೂ ಅದರ ಬ್ರೇಕ್ ಪ್ಯಾಡು 60 ಲಕ್ಷದ ಕಾರಿಂದೇ. ಖರೀದಿಗೆ ಇಟ್ಟ ದುಡ್ಡಲ್ಲಿ ಐದನೇ ಒಂದು ಭಾಗ ಮುಟ್ಟದೆ ಬದಿಗೆ ಇಡೂಕೆ ಆಗ್ತದೆ ಅಂದ್ರೆ ತಗೋ. ಆಗೂದಿಲ್ಲ ಅಂದ್ರೆ ಅಪ್ಪಂಗೆ ನಂದೂ ಒಂದು ವೋಟು.

ಪ್ರಶ್ನೆ: ಹೋದ ವರ್ಷ ಹಳೇ ಕಾರು ಹುಬ್ಬಳ್ಳಿಯವ್ರಿಗೆ ಮಾರಿದೆ. ಓನರ್ ಹೆಸ್ರು ಬದಲಾಯ್ಸೋ ಫಾರ್ಮ್ 29, 30ಕ್ಕೆ ಖಾಲಿ ಸೈನ್ ಹಾಕಿ ಆರ್‌ಸಿ ಕೊಟ್ಟೆ. ಇನ್ನೂ ಫೈನ್ ಮೆಸೇಜ್ ನನ್ನ ಮೊಬೈಲಿಗೇ ಬರ್ತಿದೆ, ಟೋಲ್ ದುಡ್ಡೂ ನನ್ನ ಫಾಸ್ಟ್ಯಾಗಿಂದೇ ಕಟ್ ಆಗ್ತಿದೆ. ಏನಾದ್ರೂ ತೊಂದ್ರೆ ಇದ್ಯಾ ಸರ್?
(ಹೊನ್ನಾವರದ ಓದುಗರು)

ಉತ್ತರ: ಇದೆ ಮೇಡಂ ಅಥವಾ ಸರ್, ಹೆಸ್ರು ಬರ್ದಿಲ್ಲ ನೀವು. ಫೈನ್ ಸಣ್ಣ ವಿಷ್ಯ. ಆ ಗಾಡಿ ಯಾರಿಗಾದ್ರೂ ಗುದ್ದಿದ್ರೆ ಮೊದ್ಲ ನೋಟಿಸ್ ನಿಮ್ಮನೆಗೇ. ಕಾರು ಕೈಯಿಂದ ಕೈಗೆ ಎಷ್ಟು ಜನಕ್ಕೆ ಹೋಗಿದ್ರೂ, ರೆಕಾರ್ಡಲ್ಲಿ ಯಾರ ಹೆಸ್ರಿದ್ಯೋ ಅವ್ರೇ ಓನರ್, ಪರಿಹಾರಕ್ಕೂ ಅವ್ರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಾರಿದವ್ರು ರಾಜ್ಯದೊಳಗೆ ಆದ್ರೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸ್ಬೇಕು ಅಂತ ಮೋಟಾರ್ ವೆಹಿಕಲ್ ಕಾಯ್ದೆಯ 50ನೇ ಸೆಕ್ಷನ್ನಲ್ಲೇ ಇದೆ. ಆ ಕೆಲ್ಸ ನಿಮ್ಮದು, ತಗೊಂಡವ್ರದ್ದಲ್ಲ.

ಮೊದ್ಲು ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ನೋಡಿ, ಇನ್ನೂ ನಿಮ್ಮ ಹೆಸ್ರೇ ಇದ್ರೆ ತಗೊಂಡವ್ರಿಗೆ ಫೋನ್ ಮಾಡಿ ಒಂದು ದಿನ ಗೊತ್ತು ಮಾಡಿ, ಜೊತೆಗೇ ಕೂತು ಟ್ರಾನ್ಸ್‌ಫರ್ ಅರ್ಜಿ ಹಾಕಿ. ಅವ್ರು ಫೋನ್ ಎತ್ತದಿದ್ರೆ ಅವ್ರ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಲ್ಲಿ ಒಂದು ಪತ್ರ ಹಾಕಿ, ಮಾರಿದ್ದಕ್ಕೆ ಇರೋ ಪುರಾವೆ, ಬ್ಯಾಂಕ್ ಎಂಟ್ರಿನೋ ವಾಟ್ಸಾಪ್ ಮಾತುಕತೆನೋ ಏನಿದ್ರೂ ಸರಿ, ಪ್ರಿಂಟ್ ತೆಗ್ದು ಆರ್‌ಟಿಓ ಆಫೀಸಿಗೂ ಪೊಲೀಸ್ ಸ್ಟೇಷನ್ನಿಗೂ ಲಿಖಿತ ಅರ್ಜಿ ಕೊಟ್ಟು ಸೀಲ್ ಹಾಕಿದ ಪ್ರತಿ ತಗೊಳ್ಳಿ. ಫಾಸ್ಟ್ಯಾಗ್ ಮಾತ್ರ ಇವೆಲ್ಲಕ್ಕೂ ಕಾಯೋದು ಬೇಡ, ಈ ಪುಟ ಮಡಚಿಟ್ಟು ಈಗ್ಲೇ ಬ್ಯಾಂಕಿಗೆ ಫೋನ್ ಮಾಡಿ ಕ್ಲೋಸ್ ಮಾಡ್ಸಿ. ಟೋಲಲ್ಲಿ ಟ್ಯಾಗ್ ಕೆಲ್ಸ ಮಾಡದೆ ಹಿಂದಿನವ್ರು ಹಾರ್ನ್ ಹೊಡೀತಿದ್ರೆ, ಹುಬ್ಬಳ್ಳಿಯವ್ರೇ ನಿಮ್ಗೆ ಫೋನ್ ಮಾಡ್ತಾರೆ.