ದುರ್ಗಾ ರೈಲು ನೋಡಿದಳೇ?

ನಮಸ್ಕಾರ.

‘ಪಥೇರ್ ಪಾಂಚಾಲಿ: ಪುಟದಿಂದ ರಂಗಕ್ಕೆ, ರಂಗದಿಂದ ಪರದೆಗೆ’ ಎಂಬ, ವಿಭೂತಿಭೂಷಣ ಬಂದೋಪಾಧ್ಯಾಯರ ಬಂಗಾಳಿ ಕಾದಂಬರಿ ಹಾಗೂ ಅದರಿಂದ ಸತ್ಯಜಿತ್ ರೇ ಮಾಡಿದ ಚಿತ್ರದ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ನಿಮ್ಮ ಕೈಯಲ್ಲಿ ಒಳ್ಳೆಯ ವಾಕ್ಯ ಹುಟ್ಟುತ್ತದೆ. ಹಾಗಾಗಿ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಕಳಿಸಲು ಮನಸ್ಸು ಬರಲಿಲ್ಲ.

ಮೂರನೇ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಕಾಶ್ ಹೂವಿನ ಬಯಲಲ್ಲಿ ಅಪು, ದುರ್ಗಾ ರೈಲು ನೋಡುವುದನ್ನು ವಿಭೂತಿಭೂಷಣರು ಮನಮುಟ್ಟುವಂತೆ ವರ್ಣಿಸಿದ್ದಾರೆ.’ ವರ್ಣಿಸಿಲ್ಲ. ಕಾದಂಬರಿಯಲ್ಲಿ ಅದು ನಡೆಯುವುದೇ ಇಲ್ಲ. ಅಕ್ಕ ತಮ್ಮ ಕಳೆದುಹೋದ ಕರು ಹುಡುಕಲು ಹೋಗಿ, ರೈಲು ಹಳಿ ನೋಡುವ ಆಸೆಗೆ ಹೊಲ ಗದ್ದೆ ದಾಟಿ ಓಡುತ್ತಾರೆ. ದಾರಿ ತಪ್ಪುತ್ತದೆ. ಹಳಿ ಕಾಣದೆ ವಾಪಸ್ ಬರುತ್ತಾರೆ. ಮುಂದೆ ಅಪ್ಪನ ಜೊತೆ ಹೋದಾಗ ಅಪುವಿಗೆ ಹಳಿ ಕಾಣುತ್ತದೆ, ಆದರೆ ರೈಲು ಬರುವ ತನಕ ಕಾಯಲು ಅಪ್ಪ ಒಪ್ಪುವುದಿಲ್ಲ. ದುರ್ಗಾಗೆ ಅಷ್ಟೂ ಸಿಗುವುದಿಲ್ಲ. ಜ್ವರದಲ್ಲಿ ಮಲಗಿದವಳು ತಮ್ಮನನ್ನು ಕೇಳುತ್ತಾಳೆ, ವಾಸಿಯಾದ ಮೇಲೆ ನನಗೆ ಒಂದು ದಿನ ರೈಲು ತೋರಿಸ್ತೀಯಾ ಅಂತ. ಅವಳು ಸಾಯುತ್ತಾಳೆ. ಮನೆಯವರೆಲ್ಲ ಊರು ಬಿಟ್ಟು ರೈಲಿನಲ್ಲಿ ಹೊರಟಾಗ, ನಿಶ್ಚಿಂದಿಪುರ ಹಿಂದೆ ಸರಿಯುತ್ತಿರುವಾಗ, ಅಕ್ಕ ಊರಂಚಿನ ಮರದಡಿ ನಿಂತು ಈ ರೈಲನ್ನೇ ನೋಡುತ್ತಿದ್ದಾಳೆ ಎಂದು ಅಪುವಿಗೆ ಅನ್ನಿಸುತ್ತದೆ. ಇಡೀ ಪುಸ್ತಕದ ಭಾರ ಅಲ್ಲಿ ಬಂದು ನಿಲ್ಲುತ್ತದೆ. ಅದೊಂದನ್ನೇ ನೀವು ಕೈಬಿಟ್ಟಿದ್ದೀರಿ.

ನೀವು ಸಿನಿಮಾ ನೋಡಿ ಕಾದಂಬರಿಯ ಬಗ್ಗೆ ಬರೆದಿದ್ದೀರಿ ಎನ್ನುವುದು ನನಗೆ ಗೊತ್ತಾಗಿದ್ದು ಇಲ್ಲಿ. ಬೈಯಲು ಹೇಳುತ್ತಿಲ್ಲ. ಸತ್ಯಜಿತ್ ರೇ ಅವರ ಚಿತ್ರ ಅಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಕೂತುಬಿಡುತ್ತದೆ, ಅದರ ಕೆಳಗೆ ಪುಸ್ತಕ ಮುಚ್ಚಿಹೋಗುತ್ತದೆ. ಆದರೆ ನಿಮ್ಮ ವಿಷಯವೇ ರೂಪಾಂತರ ಅಲ್ವಾ? ಹಾಗಿದ್ದಾಗ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರಲೇಬೇಕು.

ಇಟ್ಟು ನೋಡಿ, ಎಷ್ಟು ಸಿಗುತ್ತದೆ ಅಂತ. 1952ರ ಅಕ್ಟೋಬರ್‌ನಲ್ಲಿ ರೇ ಕ್ಯಾಮೆರಾ ಹಿಡಿದು ಮೊದಲು ಹೋಗಿದ್ದೇ ಆ ಕಾಶ್ ಬಯಲಿಗೆ. ಮುಂದಿನ ವಾರ ಹೋದರೆ ದನಗಳು ಹೂವೆಲ್ಲ ಮೇಯ್ದುಬಿಟ್ಟಿದ್ದವು. ಮತ್ತೆ ಹೂ ಬಿಡುವವರೆಗೆ ಒಂದು ವರ್ಷ ಕಾದರು. ಪುಸ್ತಕದಲ್ಲಿ ಹಾಗೆ ಇಲ್ಲದ ಒಂದು ದೃಶ್ಯಕ್ಕಾಗಿ ಇಷ್ಟು ಕಾದರು! ಚಿತ್ರದಲ್ಲಿ ಇಬ್ಬರೂ ಓಡುತ್ತಾರೆ, ಆದರೆ ದುರ್ಗಾ ನಡುವೆ ಬೀಳುತ್ತಾಳೆ. ಹಳಿಯ ಹತ್ತಿರ ತಲುಪುವವನು ಅಪು ಮಾತ್ರ. ಕಾದಂಬರಿಯ ದುಃಖವನ್ನು ರೇ ಬಿಟ್ಟುಕೊಟ್ಟಿಲ್ಲ, ಜಾಗ ಬದಲಿಸಿ ಇಟ್ಟಿದ್ದಾರೆ ಎಂದು ನನ್ನ ಓದು. ನೀವು ಒಪ್ಪದಿದ್ದರೆ ಜಗಳ ಆಡಿ, ಅದನ್ನೇ ಬರೆಯಿರಿ.

ದುರ್ಗಾ ಕದ್ದ ವಸ್ತುವಿನ ಕಥೆಯೂ ಹಾಗೇ. ಅಕ್ಕ ಸತ್ತ ಮೇಲೆ ಅಪುವಿಗೆ ಕಾದಂಬರಿಯಲ್ಲಿ ಸಿಗುವುದು ಚಿನ್ನದ ಕುಂಕುಮದ ಭರಣಿ. ಅದನ್ನು ಬಿದಿರು ಮೆಳೆಯೊಳಗೆ ಎಸೆಯುತ್ತಾನೆ. ಚಿತ್ರದಲ್ಲಿ ಅದು ಮಣಿಸರ, ಎಸೆಯುವುದು ಕೊಳಕ್ಕೆ. ನೀರಿನ ಮೇಲಿನ ಪಾಚಿ ಬಿರಿದು, ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತದೆ. ನೀವು ಆ ಪಾಚಿಯ ಬಗ್ಗೆ ಬರೆದ ಪ್ಯಾರಾ ಇಡೀ ಲೇಖನದಲ್ಲೇ ಚೆನ್ನಾಗಿದೆ. ಒಂದಕ್ಷರ ಮುಟ್ಟಬೇಡಿ. ಬಿದಿರು ಮೆಳೆ ಯಾಕೆ ಕೊಳವಾಯಿತು ಎನ್ನುವುದನ್ನು ಮಾತ್ರ ಸೇರಿಸಿ.

ಇಂದಿರ್ ಠಾಕ್ರುಣ್ ಅಜ್ಜಿ ಪುಸ್ತಕದ ಮೊದಲ ಭಾಗದಲ್ಲೇ ಸಾಯುತ್ತಾಳೆ, ಅಪು ಆಗ ಕೂಸು. ಚಿತ್ರದಲ್ಲಿ ಅವಳು ಬಹಳ ದೂರ ಬರುತ್ತಾಳೆ. ಇದಕ್ಕೂ ನಾಲ್ಕು ಸಾಲು ಕೊಡಿ.

ನಾಟಕಗಳ ಬಗ್ಗೆ ಬರೆದ ಅರ್ಧ ಪುಟ ತೆಗೆದುಬಿಡಿ. ನೋಡದ ಪ್ರಯೋಗವನ್ನು ‘ಯಶಸ್ವಿ’ ಅನ್ನುವುದು ಬೇಡ. ರಂಗಭೂಮಿ ಬೇಕೇ ಬೇಕು ಅಂದರೆ ಬಂಕಿಮಚಂದ್ರರ ಮೊದಲ ಬಂಗಾಳಿ ಕಾದಂಬರಿ ‘ದುರ್ಗೇಶನಂದಿನಿ’ ಹಿಡಿಯಿರಿ. 1865ರಲ್ಲಿ ಬಂದದ್ದು. 1873ರಲ್ಲಿ ಕಲ್ಕತ್ತೆಯ ಬೆಂಗಾಲ್ ಥಿಯೇಟರ್ ಅದನ್ನು ಆಡಿದಾಗ ಶರತ್‌ಚಂದ್ರ ಘೋಷ್ ನಿಜವಾದ ಕುದುರೆ ಏರಿ ರಂಗದ ಮೇಲೆ ಬಂದರು. ಬಿ. ವೆಂಕಟಾಚಾರ್ಯರು ಆ ಕಾದಂಬರಿಯನ್ನು ಆ ಶತಮಾನದಲ್ಲೇ ಕನ್ನಡಕ್ಕೂ ತಂದರು. ಅದು ಬೇರೆಯದೇ ಲೇಖನ, ಇದರೊಳಗೆ ತುರುಕಬೇಡಿ.

ಓದುವಾಗ ಒಂದು ಎಚ್ಚರಿಕೆ. ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿ ಅವರ 1968ರ ಇಂಗ್ಲಿಷ್ ಅನುವಾದ ಅಪು ಊರು ಬಿಡುವಲ್ಲಿಗೆ ನಿಲ್ಲುತ್ತದೆ. ಮೂಲದಲ್ಲಿ ಕಾಶಿಯ ಭಾಗ ಇನ್ನೂ ಇದೆ. ಅದಿರುವ ಪ್ರತಿ ಹುಡುಕಿ.

ಇನ್ನೊಂದು ಸಂಗತಿ ನಿಮಗೆ ಇಷ್ಟವಾಗಬಹುದು. ವಿಭೂತಿಭೂಷಣರ ಮೊದಲ ಕರಡಿನಲ್ಲಿ ದುರ್ಗಾ ಇರಲೇ ಇಲ್ಲ. ಭಾಗಲ್ಪುರದಲ್ಲಿ ಕೆದರಿದ ಕೂದಲಿನ ಒಬ್ಬ ಹಳ್ಳಿ ಹುಡುಗಿಯನ್ನು ಕಂಡರು. ಅವಳಿಲ್ಲದೆ ಪುಸ್ತಕ ಆಗದು ಅನ್ನಿಸಿ ಇಡೀ ಕಾದಂಬರಿಯನ್ನು ಹೊಸದಾಗಿ ಬರೆದರು. ಆಮೇಲೆ ಅದು ‘ವಿಚಿತ್ರಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ, 1929ರಲ್ಲಿ ಪುಸ್ತಕವಾಗಿ ಬಂತು. ಚೊಚ್ಚಲ ಕಾದಂಬರಿಗೆ ಅಷ್ಟು ಕಷ್ಟಪಟ್ಟರು. ನಾನು ಕೇಳುತ್ತಿರುವುದು ಎಂಟು ಪುಟ ಅಷ್ಟೇ.

ಲೇಖನದ ಜೊತೆಗಿಟ್ಟ ಕಾಗದದಲ್ಲಿ ನಿಮ್ಮ ಅಜ್ಜಿಯ ಮಾತು ಬರೆದಿದ್ದಿರಿ. ಟಿವಿಯಲ್ಲಿ ಚಿತ್ರ ಮುಗಿದ ಮೇಲೆ ಅವರು ‘ಪಾಪ, ಆ ಹುಡುಗಿ ರೈಲು ಸರಿಯಾಗಿ ನೋಡಿದಳೋ ಇಲ್ವೋ’ ಅಂದರಂತೆ. ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಲೇಖನದಲ್ಲಿ ಅದು ಎಲ್ಲೂ ಇಲ್ಲ. ಅಲ್ಲಿಂದ ಶುರುಮಾಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ