ಮೊದಲು ಎದೆಹಾಲು, ಆಮೇಲೆ ಬಟ್ಟಲು

ಬಾಗಲಕೋಟೆಯ ನವನಗರದಿಂದ ಒಬ್ಬ ತಾಯಿ ಉದ್ದದ ಪತ್ರ ಬರೆದಿದ್ದಾರೆ. ಚೊಚ್ಚಲ ಮಗು, ಹೆಣ್ಣು, ಏಳು ತಿಂಗಳು. ಆರು ತಿಂಗಳು ತುಂಬಿದ ಮೇಲೆ ಬನಶಂಕರಿಗೆ ಹೋಗಿ ಮೊದಲ ಅನ್ನ ಉಣಿಸಿ ಬಂದಿದ್ದಾರೆ. ಬೆಳಿಗ್ಗೆ ಅಕ್ಕಿ ಗಂಜಿ, ಮಧ್ಯಾಹ್ನ ಮತ್ತೆ ಅಕ್ಕಿ ಗಂಜಿ, ನಡುವೆ ಬಾಳೆಹಣ್ಣು, ಸಂಜೆ ಅಜ್ಜನ ಕೈಯಿಂದ ಚಹಾದಲ್ಲಿ ಅದ್ದಿದ ಬಿಸ್ಕಿಟ್. ಎರಡೇ ವಾರಕ್ಕೆ ಮಗುವಿನ ಹೊಟ್ಟೆ ಕಟ್ಟಿದೆ. ಮೂರು ನಾಲ್ಕು ದಿನಕ್ಕೊಮ್ಮೆ ಮುಖ ಕೆಂಪಗೆ ಮಾಡಿಕೊಂಡು, ಕಾಲು ಮಡಚಿ ಅತ್ತು ಅತ್ತು, ಕೊನೆಗೆ ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ ಹೊರಗೆ ಬರುತ್ತದೆ. ಕಳೆದ ವಾರ ಒಂದು ಉಂಡೆಯ ಮೇಲೆ ರಕ್ತದ ಗೆರೆ ಕಂಡಿದೆ.

ಅತ್ತೆ ಹೇಳುತ್ತಾರೆ, "ಔಡಲೆಣ್ಣಿ ಹಾಕೋಣು. ನಾಕ ಮಕ್ಕಳನ್ನ ಹಿಂಗ ಬೆಳಸೀನಿ ನಾ." ವಿಜಯಪುರದಿಂದ ಅವ್ವ ಫೋನ್ ಮಾಡುತ್ತಾರೆ, "ಎಲಿ ತೊಟ್ಟಿಗೆ ಎಣ್ಣಿ ಹಚ್ಚಿ ಇಡವಾ, ಒಂದ ನಿಮಿಷದಾಗ ಆಗ್ತದ." ಅಂದರೆ ಮಲ ಬರುವ ಜಾಗಕ್ಕೆ ವೀಳ್ಯದೆಲೆಯ ತೊಟ್ಟು ಇಡುವುದು. ಇದೇ ವಿಷಯಕ್ಕೆ ಬೀಗತಿಯರ ನಡುವೆ ಮಾತು ಬೆಳೆದು ಈಗ ಇಬ್ಬರೂ ಮಾತಾಡುತ್ತಿಲ್ಲ. "ಅಕ್ಕಾ, ನಾನು ಯಾರ ಮಾತು ಕೇಳಲಿ?" ಇದು ಅವರ ಪ್ರಶ್ನೆ.

ಪತ್ರದ ಮೂರನೇ ಪುಟದಲ್ಲಿ, ಎಣ್ಣೆಯ ಜಗಳದ ನಡುವೆ, ಒಂದೇ ಒಂದು ಕಡೆ ಹೀಗಿದೆ: "ನಮ್ಮ ಮನೆಯವರ ಅಕ್ಕ ಹೇಳಿದ್ದಕ್ಕೆ ಹಗಲು ಎದೆಹಾಲು ಬಿಡಿಸಿದ್ದೇನೆ. ಎದೆ ಬಿಗಿದು ನೋಯುತ್ತದೆ, ಮಧ್ಯಾಹ್ನ ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿ ಬರುತ್ತೇನೆ." ಮುಂದಿನ ಸಾಲಿಗೆ ಮತ್ತೆ ಔಡಲೆಣ್ಣೆ ಶುರು.

ತಂಗಿ, ನಿಮ್ಮ ಮಗಳಿಗೆ ಬೇಕಾದದ್ದು ದಿನಾ ಮಧ್ಯಾಹ್ನ ನಿಮ್ಮ ಬಚ್ಚಲಿನಲ್ಲಿ ಹರಿದು ಹೋಗುತ್ತಿದೆ. ಆ ಸಾಲು ಓದಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಸಿಟ್ಟು ನಿಮ್ಮ ಮೇಲಲ್ಲ. ಎದೆ ತುಂಬಿ ಬಂದಾಗ, ಮಗು ಪಕ್ಕದ ಕೋಣೆಯಲ್ಲಿ ಅಳುತ್ತಿರುವಾಗ, ಬಾಗಿಲು ಹಾಕಿಕೊಂಡು ಹಾಲನ್ನು ಚೆಲ್ಲುವುದು ಯಾವ ತಾಯಿಗೂ ಸುಲಭವಲ್ಲ. ಅದನ್ನು ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಲ್ಲುತ್ತೇನೆ.

ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಆರು ತಿಂಗಳವರೆಗೆ ಮಗುವಿಗೆ ಊಟವೂ ಅದೇ, ನೀರೂ ಅದೇ. ಅದಕ್ಕೇ ಆಗ ಮಲ ಮೆತ್ತಗಿರುತ್ತದೆ. ಊಟ ಶುರುವಾದ ಮೇಲೆ ಮಲ ಸ್ವಲ್ಪ ಗಟ್ಟಿಯಾಗುವುದು ಸಹಜ. ಆದರೆ ನಿಮ್ಮ ಮನೆಯಲ್ಲಿ ಆದದ್ದೇನು? ನಾರಿಲ್ಲದ ಗಂಜಿ ಒಳಗೆ ಹೋಯಿತು, ಅದೇ ಹೊತ್ತಿಗೆ ಹಗಲಿನ ಹಾಲು ನಿಂತಿತು. ಬದಲಿಗೆ ನೀರನ್ನಾದರೂ ಕೊಟ್ಟಿರಾ ಅಂದರೆ ಅದೂ ಇಲ್ಲ, ನೆಗಡಿಯಾಗುತ್ತದೆ ಅಂತ ಬಿಟ್ಟಿದ್ದೀರಿ. ಅದೂ ಬಾಗಲಕೋಟೆಯ ಏಪ್ರಿಲ್‌ನಲ್ಲಿ, 40 ಡಿಗ್ರಿ ಬಿಸಿಲಿನಲ್ಲಿ!

ದೊಡ್ಡ ಕರುಳಿನ ಕೆಲಸವೇ ಮಲದಲ್ಲಿ ಉಳಿದ ನೀರನ್ನು ಮೈಗೆ ಎಳೆದುಕೊಳ್ಳುವುದು. ಮೈಗೆ ನೀರು ಸಾಲದಿದ್ದರೆ ಅದು ಇನ್ನೂ ಜಾಸ್ತಿ ಎಳೆಯುತ್ತದೆ. ಮಲ ಒಳಗೆ ನಿಂತಷ್ಟೂ ಒಣಗುತ್ತದೆ. ಒಣಗಿದ್ದು ಹೊರಗೆ ಬರುವಾಗ ಚರ್ಮ ಸೀಳುತ್ತದೆ. ನೀವು ಕಂಡ ರಕ್ತದ ಗೆರೆ ಬಹುಪಾಲು ಅದೇ. ಆ ನೋವಿಗೆ ಹೆದರಿ ಮಗು ಮುಂದಿನ ಸಲ ಬಿಗಿ ಹಿಡಿಯುತ್ತದೆ, ಹಿಡಿದಷ್ಟೂ ಗಟ್ಟಿಯಾಗುತ್ತದೆ. ಈ ಸುತ್ತನ್ನು ಎಣ್ಣೆಯಿಂದ ಒಂದು ದಿನದ ಮಟ್ಟಿಗೆ ಮುರಿಯಬಹುದು. ಮರುದಿನ ಮತ್ತೆ ಅದೇ ಗಂಜಿ, ಅದೇ ಒಣ ಹೊಟ್ಟೆ.

ಈಗ ನಿಮ್ಮ ನಾದಿನಿಯ ವಿಷಯ. ಅವರ ಮೇಲೆ ನನಗೆ ನಿಜಕ್ಕೂ ಕೋಪವಿದೆ. "ಆರು ತಿಂಗಳಾದ ಮ್ಯಾಲೆ ಎದಿಹಾಲಿನ್ಯಾಗ ಸತ್ವ ಇರಂಗಿಲ್ಲ, ಬರೇ ನೀರು. ಹಾಲು ಬಿಡಸು, ಹಸಿವಾಗಿ ತಾನ ಬಟ್ಟಲ ತುಂಬ ಉಣ್ತದ" ಅಂದರಂತೆ. ಜೊತೆಗೆ ತಮ್ಮ ಮಗ ಏಳು ತಿಂಗಳಿಗೆ ಎಷ್ಟು ಉಣ್ಣುತ್ತಿದ್ದ ಅಂತ ಲೆಕ್ಕ, ನಿಮ್ಮ ಮಗಳ ಕೆನ್ನೆ ಒಣಗಿದೆ ಅಂತ ಎಲ್ಲರ ಮುಂದೆ ಮಾತು. ಇದು ಪೂರ್ತಿ ತಪ್ಪು. 6ರಿಂದ 12 ತಿಂಗಳ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಎದೆಹಾಲಿನಿಂದಲೇ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷ, ಅದರಾಚೆಗೂ ಕೊಡಿ ಅಂತಲೂ ಹೇಳುತ್ತದೆ. ಈ ವಯಸ್ಸಿನ ಊಟ ಹಾಲಿನ ಜೊತೆಗೆ ಸೇರುವಂಥದ್ದು, ಹಾಲಿನ ಜಾಗ ಕಿತ್ತುಕೊಳ್ಳುವಂಥದ್ದಲ್ಲ. ಶುರುವಿಗೆ ದಿನಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಎರಡು ಮೂರು ದೊಡ್ಡ ಚಮಚ ಸಾಕು. ಎಂಟು ತಿಂಗಳ ಹೊತ್ತಿಗೆ ನಿಧಾನಕ್ಕೆ 250 ಮಿಲಿಯ ಬಟ್ಟಲಿನಲ್ಲಿ ಅರ್ಧದಷ್ಟು. ಬಟ್ಟಲು ತುಂಬ ಉಣ್ಣಬೇಕು ಅನ್ನುವ ಲೆಕ್ಕ ಎಲ್ಲಿಂದ ಬಂತು?

ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳುವ ಮಾತು ಇದು: ಮಗುವಿನ ಆರೋಗ್ಯವನ್ನು ಕೆನ್ನೆ ನೋಡಿ ಅಳೆಯಬೇಡಿ, ಮಗುವಿನ ತೂಕ ಬರೆಯುವ ತಾಯಿ ಕಾರ್ಡ್ ತೆಗೆದು ನೋಡಿ. ನೀವೇ ಬರೆದಿದ್ದೀರಿ, ಹುಟ್ಟಿದಾಗ 2.8 ಕೆ.ಜಿ., ಈಗ 7.2 ಕೆ.ಜಿ. ಅಂತ. ಹುಟ್ಟಿದಾಗಿನ ತೂಕದ ಎರಡು ಪಟ್ಟಿಗಿಂತ ಜಾಸ್ತಿ ಆಯ್ತಲ್ವಾ? ಕಾರ್ಡಿನಲ್ಲಿ ಹೆಣ್ಣುಮಕ್ಕಳ ಪುಟ ತೆಗೆದು ಏಳು ತಿಂಗಳ ಗೆರೆಯ ಮೇಲೆ ಚುಕ್ಕೆ ಇಡಿ. ಹಸಿರು ಪಟ್ಟಿಯೊಳಗೆ ಬೀಳುತ್ತದೆ. ಇಷ್ಟು ಚೆನ್ನಾಗಿ ಬೆಳೆದ ಮಗುವನ್ನು ಯಾರದೋ ಮಾತಿಗೆ ಹಸಿವಿನಿಂದ ಇಟ್ಟು ಉಣಿಸುವುದು ಬೇಕಿರಲಿಲ್ಲ. ಮದುವೆ, ಜಾವಳ, ತೊಟ್ಟಿಲು ಕಾರ್ಯಕ್ರಮಗಳಲ್ಲಿ ಬೇರೆಯವರ ಮಗುವಿನ ಮೈ ನೋಡಿ ಮಾತಾಡುವ ಅಭ್ಯಾಸ ನಮ್ಮಲ್ಲಿ ನಿಲ್ಲಲೇಬೇಕು. ಎಷ್ಟು ತಾಯಂದಿರ ಹಾಲು ಹೀಗೆ ಒಣಗಿದೆಯೋ!

ಹಾಗಾಗಿ ನಾನು ನಿಮಗೆ ಹೇಳುವುದು ಒಂದೇ: ಹಗಲಿನ ಹಾಲು ಇವತ್ತೇ ಮತ್ತೆ ಶುರು ಮಾಡಿ. ಮೊದಲು ಎದೆಹಾಲು, ಆಮೇಲೆ ಬಟ್ಟಲು. ಮಗು ಎದ್ದಾಗ, ಊಟಕ್ಕೆ ಮುಂಚೆ, ಮಲಗುವಾಗ, ನಡುವೆ ಕೇಳಿದಾಗೆಲ್ಲ. ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ ಊಟ. ಹಾಲು ಬತ್ತಿರಬಹುದು ಅನ್ನುವ ಹೆದರಿಕೆ ಬೇಡ. ದಿನಾ ಹಿಂಡುತ್ತಿದ್ದೀರಿ, ಹಾಗಾಗಿ ಇನ್ನೂ ಬರುತ್ತಿದೆ. ಮಗು ಚೀಪಿದಷ್ಟೂ ಜಾಸ್ತಿಯಾಗುತ್ತದೆ. ಎದೆಹಾಲಿನ ಬದಲು ಎಮ್ಮೆ ಹಾಲು ಕೊಡು ಅಂತ ನೀವು ಬರೆದ ಸಲಹೆಯೂ ನಾದಿನಿಯದ್ದೇ ಅಲ್ವಾ? ಎದೆಹಾಲಿನ ಬದಲಿಗೆ ಆಕಳ ಹಾಲಾಗಲಿ ಎಮ್ಮೆ ಹಾಲಾಗಲಿ ಒಂದು ವರ್ಷದವರೆಗೆ ಬೇಡ. ಅದರಲ್ಲಿ ಕಬ್ಬಿಣದಂಶ ತೀರಾ ಕಡಿಮೆ, ಕೆಲವು ಮಕ್ಕಳಿಗೆ ಅದರಿಂದಲೇ ಹೊಟ್ಟೆ ಕಟ್ಟುತ್ತದೆ.

ಇನ್ನು ಇಬ್ಬರು ಅಜ್ಜಿಯರು. ನಿಮ್ಮ ಅತ್ತೆಯ ಬಗ್ಗೆ ನನಗೆ ಗೌರವವಿದೆ. ಪತ್ರದ ಉದ್ದಕ್ಕೂ ನೀವು ಅವರನ್ನು ದೂರಿದ್ದೀರಿ, ಆದರೆ ರಾತ್ರಿ ಎರಡಕ್ಕೆ ಎದ್ದು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಾಡುವವರು ಅವರೇ ಅಂತಲೂ ನೀವೇ ಬರೆದಿದ್ದೀರಿ. ಅವರು ತಮಗೆ ಗೊತ್ತಿರುವುದನ್ನು ಪ್ರೀತಿಯಿಂದ ಹೇಳುತ್ತಿದ್ದಾರೆ. ಆದರೂ ಔಡಲೆಣ್ಣೆ ಕುಡಿಸಬಾರದು. ಅದು ಕರುಳನ್ನು ಕೆರಳಿಸಿ ಹೊಟ್ಟೆ ನುಲಿಸುತ್ತದೆ, ಭೇದಿಯಾಗಿ ಮೊದಲೇ ಕಡಿಮೆಯಿರುವ ನೀರು ಇನ್ನೂ ಹೋಗುತ್ತದೆ. ಅಳುವ ಮಗುವಿಗೆ ಮೂಗು ಹಿಡಿದು ಹಾಕುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಅತ್ತೆಗೆ ಬೇರೆ ಕೆಲಸ ಕೊಡಿ, ಅವರಿಗಿಂತ ಚೆನ್ನಾಗಿ ಅದನ್ನು ನಿಮ್ಮ ಮನೆಯಲ್ಲಿ ಯಾರೂ ಮಾಡಲಾರರು. ಎರೆಯುವ ಮುಂಚೆ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ, ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ನೀವಲಿ. ಆಮೇಲೆ ಎರಡೂ ಕಾಲು ಹಿಡಿದು ಸೈಕಲ್ ತುಳಿಸಿದಂತೆ ಆಡಿಸಲಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿ ಬಿಡಲಿ. ಬಿಸಿನೀರು ಎರೆದ ಮೇಲೆ ಎಷ್ಟೋ ಮಕ್ಕಳು ಸಲೀಸಾಗಿ ಮಾಡಿಬಿಡುತ್ತವೆ. ಎಣ್ಣೆ ಹೊಟ್ಟೆಯ ಮೇಲಿರಲಿ, ಒಳಗೆ ಬೇಡ.

ಅವ್ವನ ಎಲೆ ತೊಟ್ಟು ಬೇಡವೇ ಬೇಡ. ಸಾಬೂನಿನ ಚೂರೂ ಬೇಡ. ಮೊದಲೇ ಸೀಳಿರುವ ಜಾಗ ಅದು, ತೊಟ್ಟು ಇನ್ನೂ ಗೀರುತ್ತದೆ, ಸಾಬೂನು ಸುಡುತ್ತದೆ. ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ ಹೇಳುತ್ತೇನೆ: ಹೊಟ್ಟೆ ಸಡಿಲವಾಗಲಿ ಅಂತ ಯಾರಾದರೂ ಜೇನು ನೆಕ್ಕಿಸಲು ಬಂದರೆ ತಡೆಯಿರಿ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ವಿಷದ ಕಾಯಿಲೆ ಬರಬಹುದು. ಅದರ ಮೊದಲ ಲಕ್ಷಣವೇ ಮಲಬದ್ಧತೆ.

ಅವ್ವನಿಗೂ ಒಂದು ಕೆಲಸವಿದೆ. ವಿಜಯಪುರದಲ್ಲಿದ್ದಾರೆ, ಒಳ್ಳೆಯ ಒಣದ್ರಾಕ್ಷಿ ಕಳಿಸಲಿ. ಎಂಟು ಹತ್ತು ದ್ರಾಕ್ಷಿಯನ್ನು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನಲ್ಲಿ ಕಿವುಚಿ ಸೋಸಿ. ಸಿಪ್ಪೆ, ಬೀಜ ಉಳಿಯಬಾರದು. ಆ ರಸ ಒಂದೆರಡು ಚಮಚ ಊಟದಲ್ಲಿ ಬೆರೆಸಿ. ಇಡೀ ದ್ರಾಕ್ಷಿ ಕೈಗೆ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಎಚ್ಚರ.

ಬಾಳೆಹಣ್ಣನ್ನು ಸದ್ಯಕ್ಕೆ ಬಿಡಿ, ಅದರಲ್ಲೂ ಪೂರ್ತಿ ಮಾಗದ್ದು ಹೊಟ್ಟೆ ಕಟ್ಟುತ್ತದೆ. ಮಾಗಿದ ಪಪ್ಪಾಯಿ, ಚಿಕ್ಕು ಹಿಚುಕಿ ಕೊಡಿ. ಅಕ್ಕಿ ಗಂಜಿಯನ್ನು ದಿನಕ್ಕೊಂದು ಸಲಕ್ಕೆ ಇಳಿಸಿ. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಇದ್ದೇ ಇರುತ್ತದೆ. ಬಿಸಿ ರೊಟ್ಟಿಯ ಒಳಗಿನ ಮೆತ್ತನೆಯ ಪದರ ತೆಗೆದು ಬೇಯಿಸಿದ ಹೆಸರುಬೇಳೆಯಲ್ಲಿ ನೆನೆಸಿ, ಬೆರಳಿನಿಂದ ನುಣ್ಣಗೆ ಹಿಸುಕಿ. ನಾಲ್ಕು ಎಲೆ ರಾಜಗಿರಿ ಪಲ್ಯ ಬೇಳೆಯ ಜೊತೆಗೇ ಬೇಯಲಿ. ಮೇಲೆ ಒಂದು ಸಣ್ಣ ಚಮಚ ತುಪ್ಪ. ಉಪ್ಪು, ಸಕ್ಕರೆ ಬೇಡ. ರಾಗಿ ಕೊಡುವುದಾದರೆ ಬಟ್ಟೆಯಲ್ಲಿ ಸೋಸಿ ಸೋಸಿ ನಾರನ್ನೆಲ್ಲ ತೆಗೆದುಹಾಕಬೇಡಿ. ಊಟದ ಜೊತೆ ಕುದಿಸಿ ಆರಿಸಿದ ನೀರು, ಚಮಚದಲ್ಲೋ ಸಣ್ಣ ಲೋಟದಲ್ಲೋ, ಗುಟುಕು ಗುಟುಕಾಗಿ. ದಿನಕ್ಕೆ ಒಟ್ಟು ಅರ್ಧ ಲೋಟದಷ್ಟಾದರೆ ಸಾಕು. ನೀರಿನಿಂದ ನೆಗಡಿ ಬರುವುದಿಲ್ಲ. ಮಾವನವರ ಚಹಾ ಬಿಸ್ಕಿಟ್ ಇವತ್ತಿಗೇ ಬಂದ್. ಬಿಸ್ಕಿಟ್ ಬರೀ ಮೈದಾ, ಸಕ್ಕರೆ. ಚಹಾ ಊಟದಲ್ಲಿರುವ ಕಬ್ಬಿಣದಂಶ ಮೈಗೆ ಹತ್ತದಂತೆ ಮಾಡುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ, ಅದನ್ನು ನಿಲ್ಲಿಸಬೇಡಿ. ಅದರಿಂದ ಮಲ ಕಪ್ಪಾದರೆ ಗಾಬರಿಯಾಗಬೇಕಿಲ್ಲ.

ದಿನ ಎಣಿಸುತ್ತಾ ಕೂರಬೇಡಿ. ಎದೆಹಾಲು ಕುಡಿಯುವ ಮಗು ಮೂರು ನಾಲ್ಕು ದಿನ ಮಾಡದೆಯೂ ಆರಾಮಾಗಿರಬಹುದು. ಮಲ ಮೆತ್ತಗಿದೆಯಾ, ಮಗು ನೋವಿಲ್ಲದೆ ಮಾಡುತ್ತಿದೆಯಾ, ಇವೆರಡನ್ನೇ ನೋಡಿ.

ರಕ್ತ ಕಂಡಿದೆ, ಹಾಗಾಗಿ ಈ ವಾರವೇ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೇಕಿದ್ದರೆ ಅವರು ಮಗುವಿನ ತೂಕ ನೋಡಿ ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್‌ನಂಥ ಸಿರಪ್ ಬರೆಯುತ್ತಾರೆ. ಅಂಗಡಿಯಲ್ಲಿ ಕೇಳಿ ನೀವೇ ತರಬೇಡಿ. ಹುಟ್ಟಿದ ಮೇಲೆ ಮೊದಲ ಕಪ್ಪು ಮಲ ಎರಡು ದಿನದೊಳಗೆ ಹೋಗಿತ್ತಾ ಅಂತ ಅವರು ಕೇಳಬಹುದು, ನೆನಪಿಸಿಕೊಂಡು ಹೋಗಿ. ತಡವಾಗಿದ್ದರೆ ಕರುಳಿನ ನರಗಳಲ್ಲೇ ತೊಂದರೆ ಇದೆಯಾ ಅಂತ ನೋಡಬೇಕಾಗುತ್ತದೆ. ಹೊಟ್ಟೆ ಉಬ್ಬಿ ಬಿಗಿದರೆ, ಹಸಿರು ವಾಂತಿಯಾದರೆ, ಮಗು ಬಿಟ್ಟು ಬಿಟ್ಟು ಚೀರಿ ಅತ್ತು ನಡುವೆ ಬಾಡಿ ಮಲಗಿದರೆ, ಮಲದಲ್ಲಿ ಕೆಂಪು ಲೋಳೆ ಕಂಡರೆ ಬೆಳಗಾಗುವುದನ್ನು ಕಾಯಬೇಡಿ. ಕರುಳಿನೊಳಗೆ ಕರುಳು ಸೇರಿಕೊಳ್ಳುವ ತೊಂದರೆ ಈ ವಯಸ್ಸಿನಲ್ಲೇ ಹೆಚ್ಚು. ಅದಕ್ಕೆ ಆಸ್ಪತ್ರೆಯೇ ಗತಿ, ರಾತ್ರಿಯಾದರೂ ಹೊರಡಿ.

ಡಾಕ್ಟರ ಹತ್ತಿರ ನಿಮ್ಮ ಯಜಮಾನರೂ ಬರಲಿ. ಇಡೀ ಪತ್ರದಲ್ಲಿ ಅವರು ಬರುವುದು ಒಂದೇ ಕಡೆ, "ಅವರು ಸುಮ್ನೆ ಇರ್ತಾರೆ" ಅಂತ. ಅರ್ಧ ದಿನ ರಜೆ ಹಾಕಲಿ, ತಾಯಿ ಕಾರ್ಡ್ ಅವರ ಕೈಯಲ್ಲೇ ಇರಲಿ, ಎದೆಹಾಲಿನ ಬಗ್ಗೆ ಡಾಕ್ಟರು ಏನು ಹೇಳುತ್ತಾರೋ ತಮ್ಮ ಕಿವಿಯಿಂದಲೇ ಕೇಳಲಿ. ಆಮೇಲೆ ಅಕ್ಕನಿಗೆ ಫೋನ್ ಮಾಡಿ ಹೇಳುವುದು ಅವರ ಕೆಲಸ, ನಿಮ್ಮದಲ್ಲ.