ಮದುವೆಗೆ 11 ದಿನ, ಮುಖದ ತುಂಬಾ ಮೊಡವೆ. ಮೆಡಿಕಲ್ ಶಾಪಿನ ಕ್ರೀಮ್ ಹಚ್ಚಲಾ?

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ, ದಾವಣಗೆರೆ. ಅಕ್ಕನ ಮದುವೆಗೆ ಇನ್ನು 11 ದಿನ ಇದೆ. ಮುಂಚೆ ತಿಂಗಳಿಗೆ ಒಂದೋ ಎರಡೋ ಮೊಡವೆ ಆಗುತ್ತಿತ್ತು ಅಷ್ಟೇ. ಈ ವಾರ ಕೆನ್ನೆ, ಗದ್ದದ ಮೇಲೆ ಒಂದೇ ಸಲ ಹತ್ತು ಹನ್ನೆರಡು ಎದ್ದಿವೆ. ಎರಡಂತೂ ಒಳಗೇ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತವೆ. ಚಿಕ್ಕಮ್ಮ ನಿಂಬೆರಸ ಹಚ್ಚು ಅಂತಾರೆ, ಗೆಳತಿ ಟೂತ್‌ಪೇಸ್ಟ್ ಅಂತಾಳೆ. ಮೆಡಿಕಲ್ ಶಾಪಿನವರು ಒಂದು ಕ್ರೀಮ್ ಕೊಟ್ಟು ‘ಮೂರೇ ದಿನ, ಕ್ಲಿಯರ್’ ಅಂದರು. ಇನ್ನೂ ಹಚ್ಚಿಲ್ಲ. ಹಚ್ಚಲಾ?

ಉತ್ತರ: ಸದ್ಯ ಬೇಡ. ಮೊದಲು ಆ ಟ್ಯೂಬ್ ತಿರುಗಿಸಿ, ಹಿಂದೆ ಕಣ್ಣಿಗೇ ಕಾಣದ ಹಾಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೊಲೋನ್ – ಇದರಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್, ಅಂದರೆ ಊತ, ಕೆಂಪನ್ನು ಬೇಗ ಅಡಗಿಸುವ ಮದ್ದು. ಮೂರು ದಿನದಲ್ಲಿ ಕೆಂಪು ಇಳಿಯುತ್ತದೆ, ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಜನ ಅಲ್ಲಿಗೇ ನಿಲ್ಲಿಸುವುದಿಲ್ಲ. ಮುಖ ಬೆಳ್ಳಗಾಯ್ತು ಅಂತ ಖುಷಿಯಾಗಿ ತಿಂಗಳುಗಟ್ಟಲೆ ಹಚ್ಚುತ್ತಾರೆ, ಚರ್ಮ ತೆಳುವಾಗಿ ಕೆನ್ನೆ ಮೇಲೆ ನೂಲಿನಂಥ ರಕ್ತನಾಳ ಕಾಣೋಕೆ ಶುರುವಾಗುತ್ತದೆ, ಬಿಟ್ಟ ಕೂಡಲೇ ಉರಿ, ತುರಿಕೆ, ಮೊದಲಿಗಿಂತ ಜಾಸ್ತಿ ಮೊಡವೆ. 2018ರಲ್ಲಿ ಸರ್ಕಾರ ಇಂಥ ಒಂದಷ್ಟು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೂ ಕೌಂಟರಿನಲ್ಲಿ ಸಲೀಸಾಗಿ ಸಿಗುತ್ತವೆ.

ನಿಂಬೆರಸ, ಟೂತ್‌ಪೇಸ್ಟ್ ಎರಡೂ ಬೇಡ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ಮೊಡವೆಯಾದರೂ ವಾರದಲ್ಲಿ ಹೋಗಬಹುದು, ನಮ್ಮ ಬಣ್ಣದ ಚರ್ಮದಲ್ಲಿ ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಹಿಸುಕಬೇಡಿ ಅನ್ನೋದೂ ಅದಕ್ಕೇ.

ಹಾಗಾದರೆ ಏನು ಮಾಡೋದು? ಬೆನ್ಜಾಯಿಲ್ ಪೆರಾಕ್ಸೈಡ್ 2.5 ಪರ್ಸೆಂಟ್ ಜೆಲ್ ಕೇಳಿ ತಗೊಳ್ಳಿ. 5, 10 ಪರ್ಸೆಂಟ್‌ದು ಬೇಗ ಕೆಲಸ ಮಾಡುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊಡವೆ ಇಳಿಸುವುದರಲ್ಲಿ ಅಂಥ ವ್ಯತ್ಯಾಸವಿಲ್ಲ, ಉರಿ ಮಾತ್ರ ಜಾಸ್ತಿ. ಮೊದಲು ಕಿವಿಯ ಕೆಳಗೆ ಒಂಚೂರು ಹಚ್ಚಿ ಒಂದು ದಿನ ನೋಡಿ. ಉರಿ, ಊತ ಇಲ್ಲ ಅಂದರೆ ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಮೊಡವೆ ಇರುವ ಜಾಗಕ್ಕೆ ಮಾತ್ರ ತೆಳ್ಳಗೆ. ಇದು ಬಟ್ಟೆಯ ಬಣ್ಣ ತಿನ್ನುತ್ತದೆ, ಹಳೇ ಬಿಳಿ ದಿಂಬಿನ ಕವರ್ ಹಾಕಿಕೊಳ್ಳಿ. ಮದುವೆಗೆ ಹೊಲಿಸಿದ ರವಿಕೆಯನ್ನಂತೂ ಇದರಿಂದ ದೂರ ಇಡಿ! ಬೆಳಿಗ್ಗೆ ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಅಷ್ಟೇ. ದಿನಕ್ಕೆ ಐದು ಸಲ ಸೋಪು ಹಾಕಿ ಉಜ್ಜಬೇಡಿ, ಎರಡು ಸಲ ಸಾಕು.

ನೋಯುವ ಆ ಎರಡು ಗಂಟು ಕ್ರೀಮಿಗೆ ಬಗ್ಗುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ ಐಸ್ ಒಂದೆರಡು ನಿಮಿಷ ಇಟ್ಟರೆ ಊತ ಸ್ವಲ್ಪ ಇಳಿಯುತ್ತದೆ. ಬೇಗ ಹೋಗಲೇಬೇಕು ಅಂದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಗಂಟಿನೊಳಕ್ಕೇ ತೀರಾ ಕಡಿಮೆ ಪ್ರಮಾಣದ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಕೊಡುತ್ತಾರೆ, ಎರಡು ಮೂರು ದಿನದಲ್ಲಿ ಚಪ್ಪಟೆಯಾಗುತ್ತದೆ. ಅದೂ ಸ್ಟೀರಾಯ್ಡೇ ಅಲ್ವಾ ಅಂತೀರಿ. ಹೌದು. ಒಂದೇ ಹನಿ, ಒಂದೇ ಜಾಗಕ್ಕೆ, ಅಳತೆ ಗೊತ್ತಿರುವವರ ಕೈಯಿಂದ. ಅಳತೆ ತಪ್ಪಿದರೆ ಅಲ್ಲಿ ಸಣ್ಣ ಗುಳಿ ಬೀಳುತ್ತದೆ, ಅದು ತುಂಬಿಕೊಳ್ಳೋಕೆ ತಿಂಗಳುಗಳು ಬೇಕು. ಹೋಗೋದಾದರೆ ಈ ವಾರವೇ ಹೋಗಿ, ಮದುವೆಯ ಹಿಂದಿನ ದಿನ ಅಲ್ಲ.

ಇದ್ದಕ್ಕಿದ್ದಂತೆ ಯಾಕೆ ಎದ್ದವು? ಇವತ್ತು ಕಾಣುವ ಮೊಡವೆ ಒಳಗೆ ಶುರುವಾಗಿ ವಾರಗಳೇ ಆಗಿರುತ್ತವೆ. ನಿನ್ನೆ ತಿಂದ ಹೋಳಿಗೆಯನ್ನು ಬೈಯಬೇಡಿ. ಕಳೆದ ಒಂದೆರಡು ತಿಂಗಳಲ್ಲಿ ಹೊಸದಾಗಿ ಏನು ಶುರುವಾಯ್ತು ಯೋಚಿಸಿ: ಹೊಸ ಮೇಕಪ್, ಜಿಮ್ಮಿನ ವೇ ಪ್ರೋಟೀನ್, ಯಾವುದಾದರೂ ಮಾತ್ರೆ? ದವಡೆ, ಗದ್ದದ ಮೇಲೇ ಜಾಸ್ತಿ ಇದ್ದು, ಮುಟ್ಟೂ ಏರುಪೇರಾಗಿದ್ದರೆ ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗುವ ತೊಂದರೆ) ಇದೆಯಾ ನೋಡಿಸಬೇಕು. ಹಣೆ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ತುರಿಸುತ್ತಿದ್ದರೆ ಅದು ಮೊಡವೆಯೇ ಅಲ್ಲದಿರಬಹುದು, ಬೆವರಿನ ಕಾಲದಲ್ಲಿ ಫಂಗಸ್ಸಿನಿಂದ ಹಾಗಾಗುತ್ತದೆ.

ಈ 11 ದಿನ ಫೇಶಿಯಲ್, ಬ್ಲೀಚ್ ಬೇಡವೇ ಬೇಡ, ಪಾರ್ಲರಿನವರು ಫ್ರೀ ಅಂದರೂ. ಅರಿಶಿನ ಶಾಸ್ತ್ರದ ದಿನ ಚಿಕ್ಕಮ್ಮನ ಸಮಾಧಾನಕ್ಕೆ ಕೈಗೆ, ಕಾಲಿಗೆ ಹಚ್ಚಿಸಿಕೊಳ್ಳಿ, ಮುಖಕ್ಕೆ ಎಣ್ಣೆ ಕಲೆಸಿದ ಅರಿಶಿನ ಬೇಡ. ಅಡಾಪಲೀನ್ ಜೆಲ್ ಒಳ್ಳೇ ಮದ್ದು, ಆದರೆ ಮೊದಲ ಕೆಲವು ವಾರ ಮುಖ ಇನ್ನೂ ಕೆಡಬಹುದು, ಫಲ ಕಾಣೋಕೆ ಎರಡು ಮೂರು ತಿಂಗಳು ಬೇಕು, ಬಸಿರಲ್ಲಿ ಹಚ್ಚುವ ಹಾಗಿಲ್ಲ. ಮದುವೆ ಮುಗಿಸಿಕೊಂಡು ಡಾಕ್ಟರ್ ಹತ್ತಿರ ಹೋಗಿ ಅದರ ಬಗ್ಗೆ ಕೇಳಿ. ಹೋಗುವಾಗ ಆ ಟ್ಯೂಬನ್ನೂ ತಗೊಂಡು ಹೋಗಿ ತೋರಿಸಿ.